ಯಾವ ಪುಸ್ತಕದ ಪ್ರಕಾರ? ಮಿಡಲ್ ಅರ್ತ್ ರಸಪ್ರಶ್ನೆ ಕಟ್ಟುವ ಬಗೆ

'ದಿ ಹಾಬಿಟ್' ಕಾದಂಬರಿಯಲ್ಲಿ, ಗುಹೆಯ ಕತ್ತಲಲ್ಲಿ ಬಿಲ್ಬೊ ಎಂಬ ಕುಳ್ಳ ಹಾಬಿಟ್‌ನ ಎದುರು ಒಗಟಿನ ಪಂದ್ಯಕ್ಕೆ ಕೂತ ಗುಹೆವಾಸಿ ಗೊಲ್ಲಮ್, ತಾನು ಸೋತರೆ ಏನು ಮಾಡುತ್ತೇನೆಂದು ಮಾತು ಕೊಟ್ಟಿದ್ದ? ಮಿಡಲ್ ಅರ್ತ್ ಎಂಬ ಕಥಾಲೋಕ ಕಟ್ಟಿದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರನ್ನು ಓದಿದ ನಾಲ್ಕು ಜನ ಸೇರಿದ ಕಡೆ ಇದನ್ನು ಕೇಳಿದರೆ, "ಹೊರಗೆ ಹೋಗುವ ದಾರಿ ತೋರಿಸ್ತೀನಿ ಅಂದಿದ್ದ" ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಸರಿ. "ತನ್ನ ಮಾಯಾ ಉಂಗುರವನ್ನೇ ಕೊಡ್ತೀನಿ ಅಂದಿದ್ದ" ಎನ್ನುವವರೂ ಒಬ್ಬರಿರುತ್ತಾರೆ. ಅದೂ ಸರಿ. 1937ರಲ್ಲಿ 'ದಿ ಹಾಬಿಟ್' ಮೊದಲು ಅಚ್ಚಾದಾಗ ಗೊಲ್ಲಮ್ ಪಣಕ್ಕಿಟ್ಟಿದ್ದು ಉಂಗುರವನ್ನೇ. ಸೋತ ಮೇಲೆ ಅದು ಸಿಗದೆ ಕ್ಷಮೆ ಕೇಳಿ, ಅದರ ಬದಲಿಗೆ ದಾರಿ ತೋರಿಸುತ್ತಾನೆ. ಮುಂದಿನ ಕಥೆಯಲ್ಲಿ ಅದೇ ಉಂಗುರ ಯಾರೂ ಮನಸ್ಸು ಬಂದು ಬಿಟ್ಟುಕೊಡಲಾರದ ಕೆಟ್ಟ ವಸ್ತುವಾದ್ದರಿಂದ ಟೋಲ್ಕಿನ್ ಐದನೇ ಅಧ್ಯಾಯವನ್ನು ತಿದ್ದಿ ಬರೆದರು. 1951ರ ಎರಡನೇ ಆವೃತ್ತಿಯಿಂದ ಪಣ ಎಂದರೆ ದಾರಿ ತೋರಿಸುವುದು ಮಾತ್ರ. ಹಳೆಯ ಪಾಠವನ್ನೂ ಅವರು ಬಿಸಾಡಲಿಲ್ಲ. ಅದು ಬಿಲ್ಬೊ ತನ್ನ ದಿನಚರಿಯಲ್ಲಿ ಬರೆದಿಟ್ಟ ಸುಳ್ಳು ಎಂದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಒಳಗೇ ಸೇರಿಸಿಬಿಟ್ಟರು.

ಕಥಾಲೋಕದ ರಸಪ್ರಶ್ನೆಗಳಲ್ಲಿ ಆಗುವ ಜಗಳಗಳಲ್ಲಿ ಬಹುಪಾಲು ಇಂಥವೇ. ಎರಡೂ ತಂಡಕ್ಕೆ ವಿಷಯ ಗೊತ್ತಿರುತ್ತದೆ, ಎರಡೂ ತಂಡದ ಉತ್ತರಕ್ಕೂ ಆಧಾರ ಇರುತ್ತದೆ. ತಪ್ಪಿರುವುದು ಪ್ರಶ್ನೆಯಲ್ಲಿ. ಯಾವ ಪುಸ್ತಕ, ಯಾವ ಆವೃತ್ತಿ ಎಂದು ಹೇಳದ ಪ್ರಶ್ನೆ ಅರ್ಧ ಪ್ರಶ್ನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಇಂಥದೊಂದು ದಿನ ನಡೆಸಬೇಕು ಎಂದುಕೊಂಡವರು ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದ ಕೆಲಸ ಆಧಾರ ಗೊತ್ತುಮಾಡುವುದು. ಹಾಲ್, ಬಹುಮಾನ, ಟೀ, ಮಂಡಕ್ಕಿ ಎಲ್ಲ ಆಮೇಲೆ.

ಮಲೆನಾಡಿನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ತಾಳಮದ್ದಲೆಗೆ ಕೂತು ಕೇಳಿದವರಿಗೆ, ಒಬ್ಬ ಅರ್ಥಧಾರಿ ಎತ್ತಿದ ಮಾತಿಗೆ ಎದುರಿನವರು ಆಧಾರ ಕೇಳುವುದು ಗೊತ್ತೇ ಇದೆ. "ಮಹಾಭಾರತದಲ್ಲಿ ಚಂದ್ರಹಾಸನ ಕಥೆ ಯಾವ ಪರ್ವದಲ್ಲಿ ಬರುತ್ತದೆ?" ಎಂದು ಕೇಳಿ ನೋಡಿ, "ಯಾವ ಭಾರತ?" ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ವ್ಯಾಸಭಾರತದಲ್ಲಿ ಚಂದ್ರಹಾಸನೂ ಇಲ್ಲ, ಸುಧನ್ವನೂ ಇಲ್ಲ. ಇಬ್ಬರೂ ಬರುವುದು ಜೈಮಿನಿಯ ಅಶ್ವಮೇಧದಲ್ಲಿ, ಕನ್ನಡದಲ್ಲಿ ಲಕ್ಷ್ಮೀಶನ ಕಾವ್ಯದಲ್ಲಿ. ಕುಮಾರವ್ಯಾಸನಲ್ಲಿ ಹುಡುಕಿದರೆ ಅವನ ಕಾವ್ಯ ಹತ್ತು ಪರ್ವಕ್ಕೇ ನಿಂತಿದೆ. ಟೋಲ್ಕಿನ್ ಲೋಕಕ್ಕೂ ಬೇಕಾದದ್ದು ಇದೇ ಎಚ್ಚರ. ಅಲ್ಲಿ ಬರೆದವರು ಒಬ್ಬರೇ, ಆದರೆ ಒಂದೇ ಸಂಗತಿಯನ್ನು ಐವತ್ತಕ್ಕೂ ಹೆಚ್ಚು ವರ್ಷ ತಿದ್ದುತ್ತಲೇ ಇದ್ದರು. ಅಷ್ಟರ ಮಟ್ಟಿಗೆ ಅವರೊಬ್ಬರೇ ಹಲವು ಕವಿಗಳು.

ಆಧಾರಗಳನ್ನು ನಾಲ್ಕು ಮೆಟ್ಟಿಲು ಮಾಡಿಕೊಂಡರೆ ಸಾಕು. ಮೊದಲನೆಯದು ಲೇಖಕರು ಬದುಕಿದ್ದಾಗ ತಾವೇ ಅಚ್ಚಿಗೆ ಕೊಟ್ಟದ್ದು: 1951ರ ತಿದ್ದುಪಡಿಯ 'ಹಾಬಿಟ್', ಮತ್ತು 1954–55ರಲ್ಲಿ ಮೂರು ಸಂಪುಟವಾಗಿ ಬಂದ 'ಲಾರ್ಡ್ ಆಫ್ ದಿ ರಿಂಗ್ಸ್', ಅದರ ಅನುಬಂಧಗಳ ಸಮೇತ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಮಗ ಕ್ರಿಸ್ಟೋಫರ್ ಹಸ್ತಪ್ರತಿಗಳನ್ನು ಜೋಡಿಸಿ 1977ರಲ್ಲಿ ತಂದ 'ಸಿಲ್ಮರಿಲಿಯನ್' ಎರಡನೆಯ ಮೆಟ್ಟಿಲು. 1980ರ 'ಅನ್‌ಫಿನಿಶ್ಡ್ ಟೇಲ್ಸ್', 1981ರಲ್ಲಿ ಬಂದ ಪತ್ರಗಳ ಸಂಗ್ರಹ, 1983ರಿಂದ 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ಬಂದ ಕರಡುಗಳು, ಇವೆಲ್ಲ ಮೂರನೆಯದು. ಸಿನಿಮಾ, ಸರಣಿ, ಆಟಗಳದ್ದು ನಾಲ್ಕನೆಯದು, ಅದು ಪೂರ್ತಿ ಬೇರೆ ಲೆಕ್ಕ. ಸಾರಿ ಹೇಳಬೇಕಾದ ನಿಯಮ ಇಷ್ಟೇ: ಪ್ರಶ್ನೆಯಲ್ಲಿ ಬೇರೆ ಹೆಸರು ಹೇಳದಿದ್ದರೆ ಮೊದಲ ಮೆಟ್ಟಿಲೇ ಪ್ರಮಾಣ. ಕೆಳಗಿನ ಮೆಟ್ಟಿಲಿಂದ ಕೇಳುವುದಾದರೆ ಪುಸ್ತಕದ ಹೆಸರು ಪ್ರಶ್ನೆಯ ಮೊದಲ ಪದಗಳಲ್ಲೇ ಇರಬೇಕು. ಕೊನೆಯಲ್ಲಿ ಸೇರಿಸಿದರೆ ಅಷ್ಟರಲ್ಲಿ ಯಾರಾದರೂ ಉತ್ತರ ಕೂಗಿಬಿಟ್ಟಿರುತ್ತಾರೆ.

ಮೆಟ್ಟಿಲು ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ಫ್ ಎಂಬ ಸಾವಿಲ್ಲದ ಕುಲದ ದೊರೆ ಗಿಲ್-ಗಲಾಡ್ ಒಬ್ಬನೇ ಸಾಕು. "ಗಿಲ್-ಗಲಾಡನ ತಂದೆ ಯಾರು?" ಎಂದರೆ ಸಿಲ್ಮರಿಲಿಯನ್ ಓದಿದವರು ಫಿಂಗೊನ್ ಎನ್ನುತ್ತಾರೆ. ಕರಡುಗಳ ಸಂಪುಟಗಳನ್ನು ಓದಿದವರು ಒರೊಡ್ರೆಥ್ ಎನ್ನುತ್ತಾರೆ. ಟೋಲ್ಕಿನ್ ಅವರ ಕೊನೆಗಾಲದ ಟಿಪ್ಪಣಿಯಲ್ಲಿ ಇರುವುದು ಒರೊಡ್ರೆಥ್. 1977ರ ಪುಸ್ತಕಕ್ಕೆ ಫಿಂಗೊನ್ ಎಂದು ಸೇರಿಸಿದ್ದು ತಮ್ಮಿಂದಾದ ತಪ್ಪು ಎಂದು ಕ್ರಿಸ್ಟೋಫರ್ ಅವರೇ ಆಮೇಲೆ ಬರೆದಿದ್ದಾರೆ. ಹೀಗಾಗಿ ಹೆಚ್ಚು ಓದಿದ ತಂಡಕ್ಕೇ ಅಂಕ ತಪ್ಪುವ ಅನ್ಯಾಯ ಇಲ್ಲಿ ಆಗಬಹುದು. "1977ರ ಸಿಲ್ಮರಿಲಿಯನ್ ಪ್ರಕಾರ ಗಿಲ್-ಗಲಾಡನ ತಂದೆ ಫಿಂಗೊನ್. ಲೇಖಕರ ಕೊನೆಯ ಟಿಪ್ಪಣಿಗಳ ಪ್ರಕಾರ ಯಾರು?" ಎಂದು ತಿರುಗಿಸಿ ಕೇಳಿದರೆ ಜಗಳವೇ ಒಳ್ಳೆಯ ಪ್ರಶ್ನೆಯಾಗುತ್ತದೆ. ಇದು ಎಲ್ಲ ಕಡೆ ನಡೆಯುವ ಉಪಾಯ. ಪಾಠಭೇದ ಕಂಡ ಕಡೆ ಅದನ್ನು ಮುಚ್ಚಿಡಬೇಡಿ, ಅದನ್ನೇ ಕೇಳಿ.

ಕೆಲವನ್ನು ಮಾತ್ರ ಕೇಳಲೇಬಾರದು. ಬೆಂಕಿ-ನೆರಳಿನ ರಾಕ್ಷಸ ಬಾಲ್ರೋಗ್‌ಗೆ ರೆಕ್ಕೆ ಇತ್ತೇ ಎಂಬುದು ಅವುಗಳಲ್ಲಿ ಮೊದಲನೆಯದು. ಖಜಾದ್-ದೂಮ್ ಸೇತುವೆಯ ಅಧ್ಯಾಯದಲ್ಲಿ ಮೊದಲು, ಅದರ ಸುತ್ತಲಿನ ನೆರಳು ಎರಡು ದೊಡ್ಡ ರೆಕ್ಕೆಗಳ ಹಾಗೆ ಚಾಚಿಕೊಂಡಿತು ಎಂಬ ಅರ್ಥದ ಮಾತು ಬರುತ್ತದೆ. ಸ್ವಲ್ಪ ಮುಂದೆ, ಅದರ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಎನ್ನುತ್ತದೆ. ಮೊದಲನೆಯದು ಹೋಲಿಕೆ. ಎರಡನೆಯದು ಅದೇ ಹೋಲಿಕೆಯ ಮುಂದುವರಿಕೆಯೋ ನಿಜವಾದ ರೆಕ್ಕೆಯೋ ಎಂದು ಓದುಗರು ದಶಕಗಳಿಂದ ವಾದಿಸುತ್ತಿದ್ದಾರೆ, ಪುಸ್ತಕ ತೀರ್ಪು ಕೊಡುವುದಿಲ್ಲ. ಬಾಲ್ರೋಗ್‌ಗಳು ಎಷ್ಟು ಎನ್ನುವುದೂ ಹಾಗೆಯೇ. ಹಳೆಯ ಕಥೆಗಳಲ್ಲಿ ದಂಡುದಂಡಾಗಿ ಬರುತ್ತವೆ, ಕೊನೆಗಾಲದ ಒಂದು ಟಿಪ್ಪಣಿ ಮೂರು, ಹೆಚ್ಚೆಂದರೆ ಏಳು ಎನ್ನುತ್ತದೆ. ಇವು ಊಟದ ಹೊತ್ತಿಗೆ ಒಳ್ಳೆಯ ಚರ್ಚೆ. ಅಂಕದ ಪ್ರಶ್ನೆಗೆ ಆಗಿಬರುವುದಿಲ್ಲ.

ಹೇಳದೆ ಬಿಟ್ಟ ಸಂಗತಿಯನ್ನು ಕೇಳಬಹುದೇ? ಎಚ್ಚರದಿಂದ ಕೇಳಬಹುದು. ಎಲ್ಫ್ ಬಿಲ್ಲುಗಾರ ಲೆಗೊಲಾಸ್‌ನ ಕೂದಲ ಬಣ್ಣ ಮೂಲ ಕಥೆಯಲ್ಲಿ ಎಲ್ಲೂ ಇಲ್ಲ. ಸಿನಿಮಾ ನೋಡಿದವರ ಕಣ್ಣಿಗೆ ಹೊಂಬಣ್ಣ ಕಟ್ಟಿಬಿಟ್ಟಿದೆ. "ಲೆಗೊಲಾಸ್‌ನ ಕೂದಲು ಯಾವ ಬಣ್ಣ?" ಎಂದು ಕೇಳಿ "ಹೇಳಿಲ್ಲ" ಎಂಬುದನ್ನು ಉತ್ತರವಾಗಿಟ್ಟರೆ ಅದು ಬರೀ ಬಲೆ, ಓದಿದವನಿಗೂ ಸಿಟ್ಟು ಬರುತ್ತದೆ. "ಈ ನಾಲ್ವರಲ್ಲಿ ಯಾರ ಕೂದಲ ಬಣ್ಣವನ್ನು ಪುಸ್ತಕ ಹೇಳುವುದಿಲ್ಲ?" ಎಂದು ಕೇಳಿದರೆ ನ್ಯಾಯ. ಆದರೆ ಉಳಿದ ಮೂವರದ್ದು ಯಾವ ಅಧ್ಯಾಯದಲ್ಲಿದೆ ಎಂದು ನೀವು ಬರೆದಿಟ್ಟುಕೊಂಡಿರಬೇಕು.

ಈಗ ಒಂದು ಒಳ್ಳೆಯ ಪ್ರಶ್ನೆಯನ್ನು ಬಿಚ್ಚಿ ನೋಡೋಣ. ನೆನಪಿನ ಪ್ರಶ್ನೆಗಿಂತ ಜೋಡಿಸುವ ಪ್ರಶ್ನೆ ಯಾವಾಗಲೂ ಮೇಲು. "ಎಲ್ಫ್ ಒಡತಿ ಗಲಾಡ್ರಿಯಲ್ ಬಳಿ ಇದ್ದ ಉಂಗುರದ ಹೆಸರೇನು?" ಎಂದರೆ ನೆನ್ಯ ಎಂದು ಗೊತ್ತಿರುತ್ತದೆ, ಇಲ್ಲವೇ ಇಲ್ಲ. ಅಲ್ಲಿಗೆ ಮುಗಿಯಿತು, ತಂಡದವರು ಒಬ್ಬರಿಗೊಬ್ಬರು ಮಾತಾಡುವುದಕ್ಕೇ ಏನೂ ಉಳಿಯುವುದಿಲ್ಲ. ಅದರ ಬದಲು ಹೀಗೆ ಕೇಳಿ: "ಲಾರ್ಡ್ ಆಫ್ ದಿ ರಿಂಗ್ಸ್‌ನ ಕೊನೆಯ ಅಧ್ಯಾಯದಲ್ಲಿ ಗ್ರೇ ಹೇವನ್ಸ್ ಬಂದರಿನಿಂದ ಹೊರಟ ಹಡಗಿನಲ್ಲಿ ಪಯಣಿಸಿದವರ ಪೈಕಿ, ಇಪ್ಪತ್ತು ಶಕ್ತಿಯ ಉಂಗುರಗಳಲ್ಲಿ ಯಾವುದಾದರೂ ಒಂದನ್ನು ಯಾವ ಕಾಲದಲ್ಲಾದರೂ ಹೊತ್ತಿದ್ದವರು ಎಷ್ಟು ಜನ? ಹೆಸರಿಸಿ."

ತಂಡ ಇಲ್ಲಿ ಯೋಚಿಸಲೇಬೇಕು. ಬಿಲ್ಬೊ ಮತ್ತು ಅವನ ವಾರಸುದಾರ ಫ್ರೋಡೊ, ಇಬ್ಬರೂ ಗುಹೆಯಲ್ಲಿ ಸಿಕ್ಕ ಆ ಒಂದು ಉಂಗುರ ಹೊತ್ತವರು. ಎಲ್ಫ್‌ಗಳ ಮೂರರಲ್ಲಿ ನೆನ್ಯ ಗಲಾಡ್ರಿಯಲ್ ಬೆರಳಲ್ಲಿ, ವಿಲ್ಯ ಎಲ್‌ರೊಂಡನ ಬೆರಳಲ್ಲಿ, ನಾರ್ಯ ಮಂತ್ರವಾದಿ ಗ್ಯಾಂಡಾಲ್ಫ್ ಬೆರಳಲ್ಲಿ. ಒಟ್ಟು ಐದು. ಅಷ್ಟರಲ್ಲಿ ಒಬ್ಬರು "ಸ್ಯಾಮ್‌ನೂ ಸೇರಿಸೋ, ಅವನೂ ಹೊತ್ತಿದ್ದ" ಎನ್ನುತ್ತಾರೆ. ಫ್ರೋಡೊನ ಜೊತೆಗಾರ ಸ್ಯಾಮ್ ಹೊತ್ತಿದ್ದು ನಿಜ, ಆದರೆ ಅವತ್ತು ಅವನು ದಡದಲ್ಲೇ ಉಳಿದವನು. ಅವನು ಕಡಲು ದಾಟಿದ ಸುದ್ದಿ ಅನುಬಂಧದಲ್ಲಿ ಬರುತ್ತದೆ, ಅರವತ್ತು ವರ್ಷ ಕಳೆದ ಮೇಲೆ. ಇನ್ನೂ ಆಳಕ್ಕೆ ಹೋದವರು ಕೀರ್ದಾನ್‌ನನ್ನು ಎತ್ತುತ್ತಾರೆ. ಗ್ಯಾಂಡಾಲ್ಫ್‌ಗೆ ನಾರ್ಯ ಕೊಟ್ಟವನೇ ಹಡಗು ಕಟ್ಟುವ ಕೀರ್ದಾನ್, ಅವನೂ ಆ ಬಂದರಿನಲ್ಲಿ ಅವರನ್ನು ಎದುರುಗೊಂಡಿದ್ದ. ಆದರೆ ಕೊನೆಯ ಹಡಗು ಹೊರಡುವವರೆಗೂ ತಾನು ದಡದಲ್ಲೇ ಇರುತ್ತೇನೆ ಎಂದು ಉಂಗುರ ಕೊಡುವಾಗಲೇ ಹೇಳಿದ್ದ, ಇದೂ ಅನುಬಂಧದಲ್ಲಿದೆ. ಹಾಗಾಗಿ ಉತ್ತರ ಐದೇ. ಟಾಮ್ ಬೊಂಬಡಿಲ್ ಒಂದು ಗಳಿಗೆ ಉಂಗುರ ಬೆರಳಿಗೆ ಹಾಕಿಕೊಂಡಿದ್ದ, ಆದರೆ ಅವನು ಹಡಗಿನ ಹತ್ತಿರಕ್ಕೂ ಬಂದವನಲ್ಲ. ಸಿನಿಮಾ ನೋಡಿದವರು ಐದಕ್ಕೆ ಹತ್ತಿರ ಬರಬಲ್ಲರು, ಮೂಲ ಓದಿದವರು ಕಾರಣ ಸಮೇತ ಹೇಳಬಲ್ಲರು, ಅನುಬಂಧ ಓದಿದವರು ಎದುರು ತಂಡದ ಆಕ್ಷೇಪಕ್ಕೂ ಉತ್ತರ ಕೊಡಬಲ್ಲರು. ಒಂದೇ ಪ್ರಶ್ನೆಯಲ್ಲಿ ಮೂರು ಹಂತದ ಓದು ತೂಗಿ ನೋಡಿದ ಹಾಗಾಯಿತು.

ಲೆಕ್ಕ ಬೇಡುವ ಪ್ರಶ್ನೆಗಳಿಗೂ ಈ ಲೋಕದಲ್ಲಿ ಬರವಿಲ್ಲ. ಲಾರ್ಡ್ ಆಫ್ ದಿ ರಿಂಗ್ಸ್‌ನ ಮೊದಲ ಅಧ್ಯಾಯದ ಹುಟ್ಟುಹಬ್ಬದ ಒಳಪಂಕ್ತಿಗೆ ಕರೆದವರ ಸಂಖ್ಯೆ 144, ಅದು ಯಾವ ಎರಡು ಸಂಖ್ಯೆ ಕೂಡಿದ್ದು? ಅಂದು ಬಿಲ್ಬೊಗೆ ತುಂಬಿದ ವರ್ಷ 111, ಫ್ರೋಡೊಗೆ 33. ಹಾಬಿಟ್‌ಗಳ ನಾಡಾದ ಶೈರ್‌ನವರ ಪಂಚಾಂಗದಲ್ಲಿ ಎಲ್ಲ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ಎಲ್ಲಿ ಹೋದವು? ಎರಡು ದಿನ ಯೂಲ್‌ಗೆ, ಮೂರು ದಿನ ನಡುಬೇಸಿಗೆಯ ಲೈದ್‌ಗೆ, ಅವು ಯಾವ ತಿಂಗಳಿಗೂ ಸೇರುವುದಿಲ್ಲ. ಪಂಚಾಂಗ ನೋಡಿ ಬೆಳೆದ ಮನೆಯ ಮಕ್ಕಳಿಗೆ ಈ ಪ್ರಶ್ನೆ ಬಹಳ ಹಿಡಿಸುತ್ತದೆ.

ಸಿನಿಮಾ ವಿಷಯ. ಯುವಕರಲ್ಲಿ ಅನೇಕರು ಈ ಲೋಕಕ್ಕೆ ಬಂದದ್ದೇ 2001ರಿಂದ 2003ರವರೆಗೆ ಬಂದ ಮೂರು ಚಿತ್ರಗಳಿಂದ, ಅವರನ್ನು ಕೀಳಾಗಿ ಕಾಣುವುದು ತಪ್ಪು. ಆದರೆ ಬೆರಕೆಯಾಗಬಾರದು. ಗಾಯಗೊಂಡ ಫ್ರೋಡೊನನ್ನು ಹೊಳೆ ದಾಟಿಸಿದ್ದು ಚಿತ್ರದಲ್ಲಿ ಎಲ್‌ರೊಂಡನ ಮಗಳು ಆರ್ವೆನ್, ಪುಸ್ತಕದಲ್ಲಿ ಎಲ್ಫ್ ವೀರ ಗ್ಲೋರ್ಫಿಂಡೆಲ್‌ನ ಕುದುರೆ ಅಸ್ಫಲೋತ್, ಮೇಲೆ ಫ್ರೋಡೊ ಒಬ್ಬನೇ. ಹೆಲ್ಮ್ಸ್ ಡೀಪ್ ಕಾಳಗಕ್ಕೆ ಎಲ್ಫ್ ಪಡೆ ಬರುವುದು ಚಿತ್ರದಲ್ಲಿ ಮಾತ್ರ. ಬಿಲ್ಬೊ ಹೊರಟ ದಿನದಿಂದ ಫ್ರೋಡೊ ಹೊರಡುವವರೆಗೆ ಪುಸ್ತಕದಲ್ಲಿ ಹದಿನೇಳು ವರ್ಷ ಕಳೆಯುತ್ತದೆ, ಚಿತ್ರದಲ್ಲಿ ಅದರ ಸುಳಿವೇ ಇಲ್ಲ. "ಪುಸ್ತಕದಲ್ಲಿ ಹೀಗೆ, ಚಿತ್ರದಲ್ಲಿ ಹೇಗೆ?" ಎಂಬ ಒಂದು ಸುತ್ತು ಇಟ್ಟರೆ ಎರಡೂ ಕಡೆಯವರು ಗೆಲ್ಲಬಹುದು. ಉಳಿದ ಸುತ್ತುಗಳಲ್ಲಿ ಚಿತ್ರದ ಸುದ್ದಿ ಬೇಡ. ಅಂತರ್ಜಾಲದ ಅಭಿಮಾನಿ ಕೋಶಗಳಲ್ಲಿ ಪುಸ್ತಕ, ಚಿತ್ರ, ಆಟಗಳ ಮಾಹಿತಿ ಒಂದೇ ಪುಟದಲ್ಲಿ ಕಲಸಿಹೋಗಿರುವುದುಂಟು. ಅಲ್ಲಿಂದ ಉತ್ತರ ಎತ್ತಿದರೆ ಮೂಲ ಅಧ್ಯಾಯ ತೆಗೆದು ನೋಡದೆ ಪ್ರಶ್ನೆಪತ್ರಿಕೆಗೆ ಸೇರಿಸಬಾರದು. ಮೊಬೈಲಿನಲ್ಲಿ ಕೇಳಿ ಪಡೆದ ವಂಶಾವಳಿಗಳನ್ನಂತೂ ನಂಬಲೇಬೇಡಿ, ಇಲ್ಲದ ಮಗ-ಮೊಮ್ಮಕ್ಕಳು ಹುಟ್ಟಿಕೊಂಡಿರುತ್ತಾರೆ.

ಪ್ರತಿ ಪ್ರಶ್ನೆಗೂ ಒಂದು ಚೀಟಿ ಮಾಡಿ. ಅದರಲ್ಲಿ ಪ್ರಶ್ನೆ, ಉತ್ತರ, ಒಪ್ಪಬಹುದಾದ ಬೇರೆ ಉತ್ತರಗಳು, ಒಪ್ಪಬಾರದ ಆದರೆ ಬಂದೇ ಬರುವ ಉತ್ತರ, ಆಧಾರ. ಆಧಾರವನ್ನು ಪುಟಸಂಖ್ಯೆಯಲ್ಲಿ ಬರೆಯಬೇಡಿ. ನಿಮ್ಮ ಪ್ರತಿಯ ಪುಟ ಇನ್ನೊಬ್ಬರ ಪ್ರತಿಯಲ್ಲಿ ಬೇರೆಲ್ಲೋ ಇರುತ್ತದೆ. ಲಾರ್ಡ್ ಆಫ್ ದಿ ರಿಂಗ್ಸ್ ಒಳಗೆ ಆರು ಭಾಗಗಳಿವೆ, ಭಾಗ ಮತ್ತು ಅಧ್ಯಾಯದ ಸಂಖ್ಯೆ ಬರೆದರೆ ಎಲ್ಲ ಮುದ್ರಣಕ್ಕೂ ಹೊಂದುತ್ತದೆ. ಖಜಾದ್-ದೂಮ್ ಸೇತುವೆ 2–5, ಹೊಳೆ ದಾಟಿದ್ದು 1–12, ಗ್ರೇ ಹೇವನ್ಸ್ 6–9. ಒಪ್ಪಬಾರದ ಉತ್ತರವನ್ನು ಬರೆದಿಡುವುದು ದಂಡದ ಕೆಲಸ ಅನ್ನಿಸಬಹುದು, ಆದರೆ ಸ್ಯಾಮ್‌ನ ಹೆಸರು ಹಿಡಿದು ಒಂದು ತಂಡ ಎದ್ದು ನಿಂತಾಗ "6–9 ನೋಡಿ, ಅವನು ದಡದಲ್ಲಿದ್ದಾನೆ" ಎಂದು ಹತ್ತು ಸೆಕೆಂಡಿನಲ್ಲಿ ಮುಗಿಸಲು ಆ ಸಾಲೇ ಬೇಕು.

ಹೆಸರುಗಳ ಉಚ್ಚಾರ ಇನ್ನೊಂದು ತಲೆನೋವು. ಟೋಲ್ಕಿನ್ ಅವರ ಎಲ್ಫ್ ಭಾಷೆಗಳಲ್ಲಿ ಸಿ ಅಕ್ಷರಕ್ಕೆ ಯಾವಾಗಲೂ ಕ-ಕಾರದ ಉಚ್ಚಾರ, ಇದು ಅನುಬಂಧದಲ್ಲೇ ಇದೆ. ಹಾಗಾಗಿ ಕೆಲೆಬೋರ್ನ್, ಕೀರ್ದಾನ್. ಸೆಲೆಬೋರ್ನ್, ಸಿರ್ಡನ್ ಎಂದು ಬರೆದವರಿಗೂ ಅಂಕ ಕೊಡಿ. ಯಾರನ್ನು ಹೇಳುತ್ತಿದ್ದಾರೆಂದು ಸಂಶಯವಿಲ್ಲದೆ ತಿಳಿದರೆ ಸಾಕು. ತಿಳಿಯದಿದ್ದರೆ ಮಾತ್ರ ತಪ್ಪು. ಸೌರೋನ್ ಮತ್ತು ಸರುಮಾನ್, ಎಲ್‌ರೊಂಡ್ ಮತ್ತು ಎಲ್‌ರೋಸ್, ಇಂಥ ಜೋಡಿಗಳಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸಕ್ಕೇ ಬೇರೆ ವ್ಯಕ್ತಿಯಾಗಿಬಿಡುತ್ತದೆ, ಅಲ್ಲಿ ರಿಯಾಯಿತಿ ಬೇಡ. ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಉತ್ತರವನ್ನು ಕನ್ನಡದಲ್ಲಿ ಬರೆಯುವವರಿಗೆ ಅರವತ್ತು-ಎಪ್ಪತ್ತು ಹೆಸರುಗಳ ಒಂದು ಹಾಳೆಯನ್ನು ಮೊದಲೇ ಹಂಚಿದರೆ ಅನುಕೂಲ. ಉತ್ತರದ ಹೆಸರುಗಳು ಅಷ್ಟರ ನಡುವೆ ಮುಚ್ಚಿಹೋಗುವುದರಿಂದ ಗುಟ್ಟು ರಟ್ಟಾಗುವ ಭಯವಿಲ್ಲ.

ಆಟದ ಕ್ರಮಕ್ಕೆ ಬರೋಣ. ತಂಡಕ್ಕೆ ಮೂವರು ಇರಲಿ, ನಾಲ್ಕಾದರೆ ಒಬ್ಬರು ಸುಮ್ಮನೆ ಕೂರುತ್ತಾರೆ. ಮೊದಲು ಎಲ್ಲರಿಗೂ 25 ಪ್ರಶ್ನೆಯ ಲಿಖಿತ ಸುತ್ತು, 30 ನಿಮಿಷ. ಹತ್ತು ಸುಲಭ, ಒಂಬತ್ತು ಮಧ್ಯಮ, ಆರು ಕಠಿಣ. ಐದಕ್ಕೆ ನಕ್ಷತ್ರ ಹಾಕಿ, ಅಂಕ ಸಮವಾದರೆ ಆ ಐದರಲ್ಲಿ ಹೆಚ್ಚು ಪಡೆದವರು ಮುಂದೆ. ಮೇಲಿನ ಆರು ತಂಡ ಫೈನಲ್‌ಗೆ. ಪ್ರಶ್ನೆಪತ್ರಿಕೆಯ ಹದ ನೋಡಲು ಸ್ಪರ್ಧೆಗೆ ಬರದ ಇಬ್ಬರ ಕೈಲಿ ಮೊದಲೇ ಬರೆಸಬೇಕು: ಹಾಬಿಟ್ ಮತ್ತು ಲಾರ್ಡ್ ಆಫ್ ದಿ ರಿಂಗ್ಸ್ ಮಾತ್ರ ಓದಿದವರೊಬ್ಬರು, ಎಲ್ಲವನ್ನೂ ಓದಿದವರೊಬ್ಬರು. ಮೊದಲನೆಯವರಿಗೆ ಹತ್ತೂ ದಾಟದಿದ್ದರೆ ಪತ್ರಿಕೆ ಬಿಗಿಯಾಯಿತು, ಎರಡನೆಯವರಿಗೆ 25ಕ್ಕೆ 25 ಬಂದರೆ ಸಪ್ಪೆಯಾಯಿತು.

ಫೈನಲ್‌ನಲ್ಲಿ ತಂಡಕ್ಕೊಂದು ನೇರ ಪ್ರಶ್ನೆ, ಬಾರದಿದ್ದರೆ ಪಕ್ಕದವರಿಗೆ ಎಂಬ ಶಾಲೆಯ ಪದ್ಧತಿ ಬೇಡ. ಅದರಲ್ಲಿ ದುರ್ಬಲ ತಂಡದ ಪಕ್ಕ ಕೂತವರಿಗೆ ಲಾಭ. ಅವರದ್ದೂ ಇವರದ್ದೂ ಸೇರಿ ಎರಡೆರಡು ಪ್ರಶ್ನೆ ಸಿಗುತ್ತಿರುತ್ತದೆ. ಬೌನ್ಸ್ ಪದ್ಧತಿಯಲ್ಲಿ ಒಂದು ಪ್ರಶ್ನೆಗೆ ಯಾರು ಉತ್ತರಿಸಿದರೋ, ಮುಂದಿನ ಪ್ರಶ್ನೆ ಅವರ ಪಕ್ಕದ ತಂಡದಿಂದ ಶುರು. ಯಾರೂ ಉತ್ತರಿಸದಿದ್ದರೆ ಶುರುವಾದ ತಂಡಕ್ಕೇ ಹೊಸ ಪ್ರಶ್ನೆ. ಅರ್ಧ ಆದ ಮೇಲೆ ದಿಕ್ಕು ತಿರುಗಿಸಿ. ಇದರ ಜೊತೆಗೆ ಪೌನ್ಸ್: ಸರದಿ ತಮ್ಮದಲ್ಲದಿದ್ದರೂ ಧೈರ್ಯ ಇದ್ದವರು 20 ಸೆಕೆಂಡಿನೊಳಗೆ ಚೀಟಿಯಲ್ಲಿ ಬರೆದು ಕೊಡಬಹುದು, ಸರಿಯಾದರೆ 10, ತಪ್ಪಾದರೆ ಕಳೆತ 5. ಸರದಿಯಲ್ಲಿ ಹೇಳಿದ್ದಕ್ಕೆ 10, ತಪ್ಪಿದರೆ ಏನೂ ಕಳೆಯುವುದಿಲ್ಲ. 36 ಪ್ರಶ್ನೆ ಸಾಕು, ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೆ ಒಂದೂವರೆ ಗಂಟೆ. ಅದರಲ್ಲಿ 24 ಮೊದಲ ಮೆಟ್ಟಿಲಿನವು, ಆರು ಸಿಲ್ಮರಿಲಿಯನ್, ನಾಲ್ಕು ಕರಡು ಮತ್ತು ಪತ್ರಗಳಿಂದ, ಎರಡು ಪುಸ್ತಕ-ಚಿತ್ರ ಹೋಲಿಕೆಯವು. ಮೂರನೇ ಮೆಟ್ಟಿಲನ್ನು ಹೆಚ್ಚಿಸುವ ಆಸೆ ಪ್ರಶ್ನೆ ಕಟ್ಟುವವರಿಗೆ ಸಹಜವಾಗಿ ಬರುತ್ತದೆ. ಹೆಚ್ಚಿಸಿದರೆ ದುಬಾರಿ ಸಂಪುಟ ಕೊಳ್ಳಲಾದವರ ಪಂದ್ಯ ಆಗುತ್ತದೆ, ಅಷ್ಟೇ.

ಮಳೆಗಾಲದಲ್ಲಿ ನಡೆಸುವುದಾದರೆ ಇನ್ನಷ್ಟು ನೋಡಿಕೊಳ್ಳಬೇಕು. ಶೀಟ್ ಹೊದಿಸಿದ ಹಾಲ್‌ನಲ್ಲಿ ಮಳೆ ಜೋರಾದರೆ ಮೈಕಿದ್ದರೂ ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಧ್ವನಿ ಕೇಳಿಸಿ ಗುರುತಿಸುವ ಸುತ್ತು ಬೇಡ. ಓದುವುದರ ಜೊತೆ ಪ್ರಶ್ನೆಯ ಮುದ್ರಿತ ಚೀಟಿಯನ್ನೂ ತಂಡಗಳಿಗೆ ಕೊಡಿ. ನಕ್ಷೆಯ ಸುತ್ತು ಈ ಲೋಕಕ್ಕೆ ಚೆನ್ನಾಗಿ ಒಪ್ಪುತ್ತದೆ. ಹೆಸರು ಅಳಿಸಿದ ನಕ್ಷೆಯಲ್ಲಿ ಆಂಡುಯಿನ್ ನದಿ, ಮಿಸ್ಟಿ ಮೌಂಟನ್ಸ್, ಮಿರ್ಕ್‌ವುಡ್ ಗುರುತಿಸಬೇಕು. ಅದನ್ನು ಪ್ರೊಜೆಕ್ಟರಿಗೆ ಬಿಡದೆ ಎ-3 ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿಟ್ಟರೆ ಕರೆಂಟು ಹೋದರೂ ಸುತ್ತು ನಿಲ್ಲುವುದಿಲ್ಲ. ತೇವ ಕುಡಿದ ಹಾಳೆಯ ಮೇಲೆ ಜೆಲ್ ಪೆನ್ ಹರಡಿ ಉತ್ತರ ಓದಲು ಬಾರದಂತಾಗುತ್ತದೆ, ಬಾಲ್ ಪೆನ್ನೇ ಕೊಡಿ. ನೆಟ್‌ವರ್ಕ್ ನಂಬಿ ಕೂರಬೇಡಿ, ಮೂಲ ಪುಸ್ತಕಗಳು ಮೇಜಿನ ಮೇಲೆ ಇರಲಿ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ 60ರ ಆಸುಪಾಸು. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ನಾಲ್ಕಕ್ಕೆ ಮುಗಿಸಿದರೆ ದೂರದವರು ಕತ್ತಲಾಗುವ ಮೊದಲು ಮನೆ ಮುಟ್ಟಬಹುದು.

ಇಷ್ಟೆಲ್ಲ ಮಾಡಿದರೂ ಆಕ್ಷೇಪ ಬರುತ್ತದೆ. ಅದಕ್ಕೆ ಬೇಕಾದ ನಿಯಮವನ್ನು ಟೋಲ್ಕಿನ್ ಅವರೇ ಬರೆದಿಟ್ಟಿದ್ದಾರೆ. ಬಿಲ್ಬೊ ಕೊನೆಗೆ ಕೇಳಿದ "ನನ್ನ ಜೇಬಲ್ಲಿ ಏನಿದೆ?" ಎನ್ನುವುದು ಒಗಟೇ ಅಲ್ಲ. ಗೊಲ್ಲಮ್ ಅನ್ಯಾಯ ಎಂದು ಕಿರುಚಿದ್ದೂ ಹೌದು. ಆದರೆ ಆಮೇಲೆ ಮೂರು ಅವಕಾಶ ಕೇಳಿ ಉತ್ತರ ಊಹಿಸಲು ಹೊರಟ. ಅದು ಪಂದ್ಯದ ನಿಯಮದ ಪ್ರಕಾರ ಒಗಟೋ ಬರೀ ಪ್ರಶ್ನೆಯೋ ಎಂಬುದರಲ್ಲಿ ಬಲ್ಲವರಿಗೆ ಭಿನ್ನಾಭಿಪ್ರಾಯ ಇದೆ, ಆದರೆ ಒಪ್ಪಿಕೊಂಡು ಊಹಿಸಲು ಹೊರಟ ಮೇಲೆ ಅವನು ಮಾತಿಗೆ ಕಟ್ಟುಬಿದ್ದ ಎಂಬುದರಲ್ಲಿ ಎಲ್ಲರೂ ಒಂದೇ ಎಂದು ಲಾರ್ಡ್ ಆಫ್ ದಿ ರಿಂಗ್ಸ್‌ನ ಪೀಠಿಕೆ ಹೇಳುತ್ತದೆ. ರಸಪ್ರಶ್ನೆಗೂ ಇದನ್ನೇ ಹಾಕಿಕೊಳ್ಳಿ. ಪ್ರಶ್ನೆ ಸರಿಯಿಲ್ಲ ಎನ್ನುವುದಾದರೆ ಉತ್ತರ ಕೊಡುವ ಮೊದಲೇ ಹೇಳಬೇಕು. ಉತ್ತರ ಹೇಳಿದ ಮೇಲೆ ಪ್ರಶ್ನೆಯ ಮೇಲೆ ಆಕ್ಷೇಪ ಇಲ್ಲ, ನಿರ್ವಾಹಕರು ಕೊಟ್ಟ ಉತ್ತರದ ಮೇಲೆ ಮಾತ್ರ, ಅದೂ ಅಧ್ಯಾಯ ತೋರಿಸಿ, ಆ ಸುತ್ತು ಮುಗಿಯುವುದರೊಳಗೆ. ಅದೇ ಪಂದ್ಯದ ಕೊನೆಯಲ್ಲಿ ಗೊಲ್ಲಮ್ ಒಂದೇ ಉಸಿರಿಗೆ "ದಾರ, ಇಲ್ಲ ಏನೂ ಇಲ್ಲ" ಎಂದು ಎರಡು ಉತ್ತರ ಹೇಳಿಬಿಡುತ್ತಾನೆ. ನಿಮ್ಮಲ್ಲಿ ಅದಕ್ಕೆ ಅವಕಾಶ ಬೇಡ, ಎರಡು ಹೇಳಿದರೆ ಒಂದು ಸರಿಯಿದ್ದರೂ ತಪ್ಪೆಂದೇ ಲೆಕ್ಕ. ತೀರ್ಪಿಗೆ ಇಬ್ಬರಿರಲಿ, ಇಬ್ಬರೂ ಒಪ್ಪದಿದ್ದರೆ ಆ ಪ್ರಶ್ನೆ ರದ್ದು. ಅದರ ಜಾಗಕ್ಕೆ ಹಾಕಲು ನಾಲ್ಕು ಹೆಚ್ಚಿನ ಪ್ರಶ್ನೆಗಳನ್ನು, ಆಧಾರದ ಚೀಟಿ ಸಮೇತ, ಮೊದಲೇ ತಯಾರಿಟ್ಟುಕೊಂಡಿರಬೇಕು.